ಒಂದು ಮಗು, ಒಂದು ಗ್ರಾಫು: ವರ್ತನಾ ವಿಶ್ಲೇಷಣೆಯ ಸಂಶೋಧನಾ ಪತ್ರಿಕೆಗಳು ಮತ್ತು ನಮ್ಮ ಕ್ರಿಯಾ ಸಂಶೋಧನೆ

ನಮ್ಮ ಕಲಿಕಾ ಮನೋವಿಜ್ಞಾನದ ತರಗತಿಯಲ್ಲಿ ಸ್ಕಿನ್ನರ್ ಬಂದು ಹೋಗುವುದು ಹೆಚ್ಚೆಂದರೆ ಎರಡು ಅವಧಿಗಳಲ್ಲಿ. ಒಂದು ಪೆಟ್ಟಿಗೆ, ಅದರೊಳಗೊಂದು ಇಲಿ, ಸನ್ನೆ ಒತ್ತಿದರೆ ಆಹಾರ, ಧನಾತ್ಮಕ ಪುನರ್ಬಲನ, ಋಣಾತ್ಮಕ ಪುನರ್ಬಲನ, ಪರೀಕ್ಷೆಗೆ ಒಂದು ದೀರ್ಘ ಪ್ರಶ್ನೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಪೆಟ್ಟಿಗೆಯಲ್ಲಿ ಹುಟ್ಟಿದ ವಿಚಾರ ಶಾಲೆಯ ತರಗತಿಗೆ ಹೇಗೆ ಬಂತು, ಬಂದಾಗ ಏನಾಯಿತು ಎಂಬುದನ್ನು ಯಾರು ಬರೆದಿಟ್ಟರು, ಹೇಗೆ ಬರೆದರು ಎಂಬ ಪ್ರಶ್ನೆಗಳಿಗೆ ಪಠ್ಯಕ್ರಮದಲ್ಲಿ ಜಾಗವಿಲ್ಲ. ಕ್ರಿಯಾ ಸಂಶೋಧನೆಯ ವರದಿ ಬರೆಯುವ ಹೊತ್ತು ಬಂದಾಗ ನನಗೆ ಬೇಕೆನಿಸಿದ್ದು ಆ ಕೊನೆಯ ಪ್ರಶ್ನೆಗೆ ಉತ್ತರ. ತರಗತಿಯಲ್ಲಿ ನಡೆದದ್ದನ್ನು ಬೇರೊಬ್ಬ ಶಿಕ್ಷಕರು ನಂಬಿ ಬಳಸುವಂತೆ ಬರೆಯುವುದು ಹೇಗೆ? ಈ ಕ್ಷೇತ್ರದ ಪತ್ರಿಕೆಗಳು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಇದೇ ಪ್ರಶ್ನೆಯೊಡನೆ ಗುದ್ದಾಡಿವೆ. ಅವುಗಳ ಕಥೆಯನ್ನು ಬೋಧನಾಭ್ಯಾಸದಲ್ಲಿರುವ ನಮ್ಮ ಕಣ್ಣಿನಿಂದ ನೋಡುವ ಪ್ರಯತ್ನ ಈ ಲೇಖನ.

ಮೊದಲ ಪತ್ರಿಕೆ ಹುಟ್ಟಿದ್ದು 1958ರಲ್ಲಿ, ಅಮೆರಿಕದಲ್ಲಿ. ಹೆಸರು 'ಜರ್ನಲ್ ಆಫ್ ದಿ ಎಕ್ಸ್‌ಪೆರಿಮೆಂಟಲ್ ಅನಾಲಿಸಿಸ್ ಆಫ್ ಬಿಹೇವಿಯರ್'. ಮೊದಲ ಸಂಪಾದಕ ಚಾರ್ಲ್ಸ್ ಫರ್ಸ್ಟರ್. ಹಿಂದಿನ ವರ್ಷವಷ್ಟೇ ಅವರು ಸ್ಕಿನ್ನರ್ ಜೊತೆ ಸೇರಿ ಪುನರ್ಬಲನದ ಅನುಸೂಚಿಗಳ ಕುರಿತ ದೊಡ್ಡ ಗ್ರಂಥವನ್ನು ಹೊರತಂದಿದ್ದರು. ಹೊಸ ಪತ್ರಿಕೆ ಏಕೆ ಬೇಕಾಯಿತು ಎಂಬುದರಲ್ಲೇ ನಮಗೆ ಬೇಕಾದ ವಿಷಯವಿದೆ. ಆಗಿನ ಮನೋವಿಜ್ಞಾನ ಪತ್ರಿಕೆಗಳಿಗೆ ಗುಂಪುಗಳು ಬೇಕಿದ್ದವು: ಒಂದು ಪ್ರಾಯೋಗಿಕ ಗುಂಪು, ಒಂದು ನಿಯಂತ್ರಿತ ಗುಂಪು, ಎರಡರ ಸರಾಸರಿ, ವ್ಯತ್ಯಾಸ ಸಾರ್ಥಕವೋ ಅಲ್ಲವೋ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ. ಸ್ಕಿನ್ನರ್ ದಾರಿಯಲ್ಲಿ ನಡೆದವರು ಮಾಡುತ್ತಿದ್ದುದು ಬೇರೆಯದೇ. ಮೂರೋ ನಾಲ್ಕೋ ಪಾರಿವಾಳಗಳನ್ನು ತಿಂಗಳುಗಟ್ಟಲೆ, ದಿನದಿನವೂ ಅಳೆಯುತ್ತಿದ್ದರು. ಒಂದು ಜೀವಿಯ ವರ್ತನೆ ಕಾಲದಲ್ಲಿ ಹೇಗೆ ಬದಲಾಗುತ್ತದೆ ಎಂಬುದೇ ಅವರ ದತ್ತಾಂಶ. ಸರಾಸರಿ ತೆಗೆದರೆ ಆ ಬದಲಾವಣೆಯೇ ಅಳಿಸಿಹೋಗುತ್ತದೆ ಎಂಬುದು ಅವರ ವಾದ. ಇಂಥ ಲೇಖನಗಳಿಗೆ ಇದ್ದ ಪತ್ರಿಕೆಗಳಲ್ಲಿ ಜಾಗ ಸಿಗುವುದು ಕಷ್ಟವಾದ್ದರಿಂದ 1957ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡು, ತಮ್ಮ ಪತ್ರಿಕೆಯನ್ನು ತಾವೇ ಹೊರಡಿಸಿದರು.

ಈ ವಾದವನ್ನು ನಮ್ಮ ಗ್ರಂಥಾಲಯದ ಕಪಾಟಿನ ಮುಂದೆ ನಿಂತು ಯೋಚಿಸಿ ನೋಡಬೇಕು. ಹಿಂದಿನ ತಂಡಗಳ ಕ್ರಿಯಾ ಸಂಶೋಧನಾ ವರದಿಗಳಲ್ಲಿ ನಾನು ತೆರೆದು ನೋಡಿದವುಗಳ ಸಾರ ಹೆಚ್ಚುಕಡಿಮೆ ಒಂದೇ. ಪೂರ್ವ ಪರೀಕ್ಷೆ, ಚಟುವಟಿಕೆ, ಉತ್ತರ ಪರೀಕ್ಷೆ, ತರಗತಿಯ ಸರಾಸರಿ ಅಂಕ ಏರಿತು, ಮಕ್ಕಳ ಆಸಕ್ತಿ ಹೆಚ್ಚಿತು. ಸರಾಸರಿ ಏರಿದ ತರಗತಿಯಲ್ಲಿ ಅಂಕ ಕಡಿಮೆಯಾದ ಮಗುವೂ ಇದ್ದಿರಬಹುದು. ವರದಿಯಲ್ಲಿ ಆ ಮಗು ಕಾಣುವುದಿಲ್ಲ. ನಾವು ಕ್ರಿಯಾ ಸಂಶೋಧನೆಗೆ ಕೈ ಹಾಕಿದ್ದೇ ಆ ಮಗುವಿಗಾಗಿ ಎಂಬುದು ಬೇರೆ ಮಾತು!

ತರಗತಿಗೆ ನೇರವಾಗಿ ಸಂಬಂಧಿಸಿದ ಪತ್ರಿಕೆ ಬಂದದ್ದು ಹತ್ತು ವರ್ಷಗಳ ನಂತರ, 1968ರಲ್ಲಿ: 'ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್'. ಅನ್ವಯಿಕ ವರ್ತನಾ ವಿಶ್ಲೇಷಣೆಯ ಈ ಪತ್ರಿಕೆಯ ಮೊದಲ ಸಂಪಾದಕ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮಾಂಟ್ರೋಸ್ ವುಲ್ಫ್. ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ಆರಂಭವಾಗುವ ಲೇಖನ ಪ್ರಯೋಗಾಲಯದ್ದಲ್ಲ, ಶಾಲೆಯದು. ಹಾಲ್, ಲಂಡ್ ಮತ್ತು ಜಾಕ್ಸನ್ ಬರೆದ ಆ ಲೇಖನದ ವಿಷಯ, ಶಿಕ್ಷಕರ ಗಮನವು ಮಕ್ಕಳ ಅಧ್ಯಯನ ವರ್ತನೆಯ ಮೇಲೆ ಬೀರುವ ಪರಿಣಾಮ. ಕ್ಯಾನ್ಸಸ್ ಸಿಟಿಯ ಬಡ ಬಡಾವಣೆಯ ಶಾಲೆಗಳು. ಒಂದನೆಯ ತರಗತಿಯ ಒಂದು ಮಗು, ಮೂರನೆಯ ತರಗತಿಯ ಐವರು.

ಅವರಲ್ಲಿ ಒಬ್ಬನನ್ನು ಲೇಖನ ರಾಬಿ ಎಂದು ಕರೆಯುತ್ತದೆ. ಬರೆಯಲು ಕೊಟ್ಟ ಹೊತ್ತಿನಲ್ಲಿ ಅವನು ಮಾಡುತ್ತಿದ್ದುದು ನಾವೆಲ್ಲ ಕಂಡ ಕೆಲಸಗಳೇ: ರಬ್ಬರ್ ಬ್ಯಾಂಡ್ ಎಳೆದು ಬಿಡುವುದು, ಜೇಬಿನಿಂದ ಆಟಿಕೆ ತೆಗೆಯುವುದು, ಪಕ್ಕದವರೊಡನೆ ಮಾತಾಡಿ ನಗುವುದು, ಬೆಳಿಗ್ಗೆ ಕೊಟ್ಟ ಹಾಲನ್ನು ನಿಧಾನವಾಗಿ ಕುಡಿದು ಆಮೇಲೆ ಖಾಲಿ ಡಬ್ಬಿಯೊಡನೆ ಆಡುವುದು. ಸಂಶೋಧಕರು ಅವನಿಗೆ ಬುದ್ಧಿ ಹೇಳಲಿಲ್ಲ, ಪರೀಕ್ಷೆಯನ್ನೂ ಕೊಡಲಿಲ್ಲ. ತರಗತಿಯಲ್ಲಿ ಕುಳಿತು 30 ನಿಮಿಷವನ್ನು 10 ಸೆಕೆಂಡಿನ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಯಲ್ಲೂ ಹುಡುಗ ಓದಿನಲ್ಲಿದ್ದಾನೋ ಇಲ್ಲವೋ ಎಂದು ಗುರುತು ಹಾಕಿದರು. ಅದೇ ಹಾಳೆಯಲ್ಲಿ ಶಿಕ್ಷಕಿ ಅವನೊಡನೆ ಮಾತಾಡಿದ್ದಕ್ಕೆ ಒಂದು ಗುರುತು, ಅವನ ಹತ್ತಿರ ಬಂದದ್ದಕ್ಕೆ ಇನ್ನೊಂದು ಗುರುತು. ಇಷ್ಟೇ ಉಪಕರಣ. ಗೆರೆ ಎಳೆದ ಹಾಳೆ ಮತ್ತು ಪೆನ್ಸಿಲ್.

ಲೆಕ್ಕ ತೆಗೆದಾಗ ರಾಬಿ ಓದಿನಲ್ಲಿದ್ದದ್ದು ಶೇ. 25ರಷ್ಟು ಹೊತ್ತು. ಅದಕ್ಕಿಂತ ಮುಖ್ಯವಾದ ಸಂಖ್ಯೆ ಇನ್ನೊಂದು: ಶಿಕ್ಷಕಿ ಅವನಿಗೆ ಕೊಟ್ಟ ಗಮನದಲ್ಲಿ ಶೇ. 55ರಷ್ಟು ಬಂದದ್ದು ಅವನು ಓದದೆ ಇದ್ದಾಗ. ಆಟಿಕೆ ಒಳಗಿಡು, ಕೆಲಸ ಮಾಡು ಎಂದು ಹೇಳುವುದೂ ಗಮನವೇ ತಾನೆ? ಇದಾದ ಮೇಲೆ ಹುಡುಗ ಓದಿನಲ್ಲಿದ್ದಾಗ ವೀಕ್ಷಕರು ಬಣ್ಣದ ಕಾಗದದ ಚೂರೊಂದನ್ನು ಎತ್ತಿ ತೋರಿಸಿದರು. ಶಿಕ್ಷಕಿ ಅವನ ಬಳಿ ಹೋಗಿ ಒಂದು ಒಳ್ಳೆಯ ಮಾತಾಡಿದರು, ಬೆನ್ನು ತಟ್ಟಿದರು. ಓದದೆ ಇದ್ದಾಗ ಗಮನ ಕೊಡಲಿಲ್ಲ. ಓದಿನ ಹೊತ್ತು ಶೇ. 71ಕ್ಕೆ ಏರಿತು.

ನಮ್ಮ ವರದಿಗಳು ಇಲ್ಲಿಗೆ ನಿಲ್ಲುತ್ತವೆ. 'ಕಾರ್ಯತಂತ್ರ ಫಲಪ್ರದವಾಯಿತು' ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಆದರೆ ಏರಿಕೆಗೆ ಕಾರಣ ಗಮನವೇ ಎಂದು ಹೇಗೆ ಗೊತ್ತು? ಪಾಠ ಸುಲಭವಾಗಿರಬಹುದು, ಪಕ್ಕದ ಹುಡುಗ ರಜೆಯಲ್ಲಿರಬಹುದು, ಅಪರಿಚಿತರು ಹಿಂದೆ ಕುಳಿತದ್ದೇ ಕಾರಣವಿರಬಹುದು. ಅದಕ್ಕಾಗಿ ಶಿಕ್ಷಕಿ ಕೆಲವು ದಿನ ಮತ್ತೆ ಹಳೆಯ ರೀತಿಗೆ ಹೋದರು. ಓದಿನ ಹೊತ್ತು ಸರಾಸರಿ ಶೇ. 50ಕ್ಕೆ ಇಳಿಯಿತು. ಗಮನವನ್ನು ಮತ್ತೆ ಓದಿನ ಕಡೆ ತಿರುಗಿಸಿದಾಗ ಶೇ. 70ರಿಂದ 80ರ ನಡುವೆ ಬಂದು ನಿಂತಿತು. ಆ ನಾಲ್ಕು ಹಂತಗಳ ಗ್ರಾಫ್ ನೋಡಿದವರಿಗೆ ಟಿ-ಪರೀಕ್ಷೆ ಬೇಕಾಗುವುದಿಲ್ಲ. ಗೆರೆ ಏರಿ, ಇಳಿದು, ಮತ್ತೆ ಏರುತ್ತದೆ. ಮೊದಲ ಹಂತಕ್ಕೆ ಆಧಾರರೇಖೆ ಎಂದೂ, ಹಿಂದಕ್ಕೆ ಹೋಗಿ ನೋಡುವ ಈ ವಿನ್ಯಾಸಕ್ಕೆ ಪ್ರತಿವರ್ತನ ವಿನ್ಯಾಸ ಎಂದೂ ಹೇಳಬಹುದು. ಇಲ್ಲಿ ರಾಬಿಗೆ ನಿಯಂತ್ರಿತ ಗುಂಪು ರಾಬಿಯೇ. ಒಬ್ಬನ ಕಥೆಯಿಂದ ಎಲ್ಲರಿಗೂ ಅನ್ವಯಿಸುವ ಮಾತು ಹೇಳಲಾದೀತೇ ಎಂದರೆ, ಅದಕ್ಕೇ ಉಳಿದ ಐವರ ಗ್ರಾಫ್‌ಗಳೂ ಅದೇ ಲೇಖನದಲ್ಲಿವೆ.

ಅದೇ ಮೊದಲ ಸಂಚಿಕೆಯಲ್ಲಿ ಬೇರ್, ವುಲ್ಫ್ ಮತ್ತು ರಿಸ್ಲೆ ಬರೆದ ಇನ್ನೊಂದು ಲೇಖನವಿದೆ. ಈ ಕ್ಷೇತ್ರದಲ್ಲಿ ಪ್ರಕಟವಾಗುವ ಕೆಲಸಕ್ಕೆ ಇರಬೇಕಾದ ಏಳು ಗುಣಗಳನ್ನು ಅದು ಹೇಳುತ್ತದೆ. ಏಳನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ; ನಮಗೆ ತಟ್ಟಬೇಕಾದದ್ದು ಒಂದು. ವಿಧಾನದ ವಿವರಣೆಯನ್ನು ಓದಿದ ತರಬೇತಾದ ಓದುಗರು, ಅದನ್ನಷ್ಟೇ ಕೈಯಲ್ಲಿಟ್ಟುಕೊಂಡು, ಅದೇ ಕೆಲಸವನ್ನು ಮಾಡಿ ಅದೇ ಫಲ ಪಡೆಯುವಂತಿರಬೇಕು. 'ಸಾಮಾಜಿಕ ಪುನರ್ಬಲನ ನೀಡಲಾಯಿತು' ಎಂದರೆ ಅದು ವಿವರಣೆಯಲ್ಲ. ಯಾರು, ಏನು ಹೇಳಿದರು, ಮಗು ಏನು ಮಾಡಿದ ಮೇಲೆ, ಎಷ್ಟು ಸಲಕ್ಕೊಮ್ಮೆ ಎಂದು ಬರೆಯಬೇಕು. 'ಚಟುವಟಿಕೆ ಆಧಾರಿತ ವಿಧಾನದಿಂದ ಬೋಧಿಸಲಾಯಿತು' ಎಂಬ ನಮ್ಮ ನೆಚ್ಚಿನ ವಾಕ್ಯವನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿ. ಅಡುಗೆ ಪುಸ್ತಕದಲ್ಲಿ 'ಸಾರು ಮಾಡಲಾಯಿತು' ಎಂದು ಬರೆದಂತಿದೆ.

ಬರೆಯುವ ಮೊದಲು ಅಳೆಯುವುದೇ ಕಷ್ಟ ಎಂಬುದು ನಮಗೆ ತಿಳಿದದ್ದು ಅಭ್ಯಾಸ ಶಾಲೆಯಲ್ಲಿ. ಎಂಟನೆಯ ತರಗತಿಯ ವಿಜ್ಞಾನದ ಅವಧಿಯಲ್ಲಿ ನಾನೂ ನನ್ನ ಸಹಪಾಠಿಯೊಬ್ಬರೂ ಹಿಂದಿನ ಬೆಂಚಿನಲ್ಲಿ ಕುಳಿತು, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಒಂದೇ ಮಗುವನ್ನು ಹತ್ತು ನಿಮಿಷ ಗಮನಿಸಿದೆವು. ಹತ್ತು ನಿಮಿಷಕ್ಕೆ 60 ಮನೆ. ಇಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಅನೇಕ ಮನೆಗಳಲ್ಲಿ ಗುರುತು ಹೊಂದಲಿಲ್ಲ. ಪೆನ್ನು ಕೆಳಗಿಟ್ಟು ಛಾವಣಿ ನೋಡುತ್ತಿದ್ದ ಹುಡುಗಿ ಅವರ ಲೆಕ್ಕದಲ್ಲಿ ಓದಿನಲ್ಲಿಲ್ಲ. ನನ್ನ ಲೆಕ್ಕದಲ್ಲಿ ಯೋಚಿಸುತ್ತಿದ್ದಾಳೆ. ಯೋಚನೆಯನ್ನು ನೋಡಲಾಗುವುದಿಲ್ಲ ಎಂದರು ಅವರು. ಸರಿಯೇ. ಕೊನೆಗೆ ಕೂತು ಒಂದು ವ್ಯಾಖ್ಯೆ ಬರೆದೆವು: ಕಣ್ಣು ಪುಸ್ತಕ, ಕಪ್ಪುಹಲಗೆ ಅಥವಾ ಮಾತಾಡುತ್ತಿರುವ ಶಿಕ್ಷಕರ ಮೇಲೆ ಇರಬೇಕು, ಇಲ್ಲವೇ ಕೈ ಬರೆಯುತ್ತಿರಬೇಕು. ಛಾವಣಿ ಲೆಕ್ಕಕ್ಕಿಲ್ಲ. ಇದರಲ್ಲಿ ಯೋಚಿಸುವ ಮಕ್ಕಳಿಗೆ ಸ್ವಲ್ಪ ಅನ್ಯಾಯವಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಮರುದಿನದಿಂದ ನಮ್ಮ ಹಾಳೆಗಳು ಹೊಂದತೊಡಗಿದವು. ಹೊಂದಿದ ಮನೆಗಳನ್ನು ಒಟ್ಟು ಮನೆಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುವುದೇ ವೀಕ್ಷಕರ ಸಮ್ಮತಿಯ ಪ್ರಮಾಣ. ಅದನ್ನು ಹೇಳದ ಲೇಖನಕ್ಕೆ ಈ ಕ್ಷೇತ್ರದ ಪತ್ರಿಕೆಗಳಲ್ಲಿ ಬೆಲೆ ಕಡಿಮೆ. ನಮ್ಮ ಪಾಠ ಅವಲೋಕನಾ ನಮೂನೆಗಳಲ್ಲಿ 'ತರಗತಿ ನಿರ್ವಹಣೆ: ತೃಪ್ತಿಕರ' ಎಂದು ಒಬ್ಬರು, 'ಸುಧಾರಿಸಬೇಕು' ಎಂದು ಇನ್ನೊಬ್ಬರು ಬರೆದಾಗ ಇಬ್ಬರೂ ನೋಡಿದ್ದು ಏನನ್ನು ಎಂದು ಕೇಳುವ ಧೈರ್ಯ ನಮಗಿಲ್ಲ. ಮಾರ್ಗದರ್ಶಕರು ಈ ಮಾತನ್ನು ಅನ್ಯಥಾ ಭಾವಿಸಬಾರದು.

ಎರಡನೆಯ ವರ್ಷವೇ, 1969ರಲ್ಲಿ, ಈ ಪತ್ರಿಕೆಯಲ್ಲಿ ತರಗತಿಯ ಒಂದು ಆಟದ ಲೇಖನ ಬಂತು. 'ಗುಡ್ ಬಿಹೇವಿಯರ್ ಗೇಮ್' ಎಂದು ಇಂದಿಗೂ ಹೆಸರುವಾಸಿ. ಲೇಖಕರು ಬ್ಯಾರಿಶ್, ಸಾಂಡರ್ಸ್, ವುಲ್ಫ್. ಇವರಲ್ಲಿ ಮ್ಯೂರಿಯಲ್ ಸಾಂಡರ್ಸ್ ಆ ನಾಲ್ಕನೆಯ ತರಗತಿಯ ಶಿಕ್ಷಕಿ. ಸಂಶೋಧನಾ ಲೇಖನದ ಲೇಖಕರ ಸಾಲಿನಲ್ಲಿ ತರಗತಿ ಶಿಕ್ಷಕಿಯ ಹೆಸರು ಇರುವುದು ನನಗೆ ಬಹಳ ಹಿಡಿಸಿತು. 24 ಮಕ್ಕಳ ತರಗತಿಯನ್ನು ಎರಡು ತಂಡ ಮಾಡಿದರು. ತಂಡದ ಯಾರೇ ಕೇಳದೆ ಎದ್ದರೆ, ಕೇಳದೆ ಮಾತಾಡಿದರೆ ಹಲಗೆಯ ಮೇಲೆ ತಂಡದ ಹೆಸರಿಗೆ ಒಂದು ಗೆರೆ. ಕಡಿಮೆ ಗೆರೆಯ ತಂಡಕ್ಕೆ, ಅಥವಾ ಎರಡೂ ತಂಡಗಳ ಗೆರೆಗಳು ನಿಗದಿತ ಮಿತಿಯೊಳಗಿದ್ದರೆ ಎರಡಕ್ಕೂ ಗೆಲುವು. ಬಹುಮಾನವೂ ಶಾಲೆಯಲ್ಲೇ ಸಿಗುವಂಥದು: ಗೆಲುವಿನ ಪಟ್ಟಿ, ಹೆಸರಿನ ಮುಂದೆ ನಕ್ಷತ್ರ, ಊಟಕ್ಕೆ ಸಾಲಿನಲ್ಲಿ ಮೊದಲ ಸ್ಥಾನ, ದಿನದ ಕೊನೆಗೆ ಇಷ್ಟದ ಕೆಲಸಕ್ಕೆ ಅರ್ಧ ಗಂಟೆ. ಗಣಿತದ ಅವಧಿಯಲ್ಲಿ ಮಾತಾಡುವ ಪ್ರಮಾಣ ಶೇ. 96ರಿಂದ 19ಕ್ಕೆ, ಎದ್ದು ಓಡಾಡುವ ಪ್ರಮಾಣ ಶೇ. 82ರಿಂದ 9ಕ್ಕೆ ಇಳಿಯಿತು.

ಇಬ್ಬರು ಮಕ್ಕಳು ಆಡುವುದಿಲ್ಲ ಎಂದು ಹಟ ಹಿಡಿದರು. ಅವರನ್ನು ತಂಡದಿಂದ ಬೇರೆ ಮಾಡಿ ಅವರ ಗೆರೆಗಳನ್ನು ಪ್ರತ್ಯೇಕವಾಗಿ ಎಣಿಸಬೇಕಾಯಿತು. ಇದೂ ಲೇಖನದಲ್ಲಿದೆ. ಮುಂದೆ ಈ ಆಟವನ್ನು ಪ್ರಯತ್ನಿಸುವ ಶಿಕ್ಷಕರಿಗೆ ಯಶಸ್ಸಿನ ಅಂಕಿಗಿಂತ ಈ ಸಾಲು ಹೆಚ್ಚು ಉಪಯೋಗಕ್ಕೆ ಬಂದಿರಬೇಕು, ಏಕೆಂದರೆ ಅಂಥ ಇಬ್ಬರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಒಂದು ತರಗತಿಯ ಈ ಆಟವನ್ನೇ 1980ರ ದಶಕದಲ್ಲಿ ಬಾಲ್ಟಿಮೋರ್ ನಗರದ ಶಾಲೆಗಳಲ್ಲಿ ದೊಡ್ಡ ಗುಂಪುಗಳ ಮೇಲೆ ಪರೀಕ್ಷಿಸಿದರು. ಗುಂಪಿನ ಅಧ್ಯಯನಕ್ಕೂ ತನ್ನ ಸರದಿ ಇದೆ. ಇಲ್ಲಿ ಅದು ಸಣ್ಣದರ ನಂತರ ಬಂತು.

ಇಷ್ಟರಲ್ಲಿ ಓದುಗರಿಗೆ ಒಂದು ಮುಜುಗರ ಆಗಿರಬೇಕು. ಸುಮ್ಮನೆ ಕೂರುವುದೇ ಕಲಿಕೆಯೇ? ಆ ಮುಜುಗರ ಪತ್ರಿಕೆಯ ಒಳಗೂ ಎದ್ದಿತು. 1972ರಲ್ಲಿ ವಿನೆಟ್ ಮತ್ತು ವಿಂಕ್ಲರ್ ಎಂಬಿಬ್ಬರು, ಅದೇ ಪತ್ರಿಕೆಯ ಮೊದಲ ವರ್ಷಗಳ ತರಗತಿ ಲೇಖನಗಳನ್ನು ಮುಂದಿಟ್ಟುಕೊಂಡು ಕೇಳಿದರು: ನೀವೆಲ್ಲ 'ತಕ್ಕ ವರ್ತನೆ' ಎಂದು ಎಣಿಸಿರುವುದು ಏನನ್ನು? ಅಲುಗಾಡಬೇಡ, ಮಾತಾಡಬೇಡ, ಹೇಳಿದಂತೆ ಕೇಳು ಎಂಬುದನ್ನೇ ಅಲ್ಲವೇ? ವರ್ತನೆಯನ್ನು ಬದಲಿಸುವ ಇಷ್ಟು ಬಲವಾದ ವಿಧಾನವನ್ನು ಹಳೆಯ ತರಗತಿಯ ಶಿಸ್ತನ್ನು ಕಾಯಲು ಬಳಸುತ್ತಿದ್ದೀರಿ ಎಂಬುದು ಅವರ ಆಕ್ಷೇಪ. ಪತ್ರಿಕೆ ಆ ಟೀಕೆಯನ್ನು ಅಚ್ಚು ಹಾಕಿತು. ಅದರ ಬೆನ್ನಿಗೇ ಓ'ಲಿಯರಿ ಎಂಬವರ ಪ್ರತ್ಯುತ್ತರವನ್ನೂ ಹಾಕಿತು. ಎರಡನ್ನೂ ಒಟ್ಟಿಗೆ ಓದುವುದು ಒಂದು ಒಳ್ಳೆಯ ಸೆಮಿನಾರ್ ಆಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಛಾವಣಿ ನೋಡುತ್ತಿದ್ದ ಆ ಹುಡುಗಿಯ ವಿಷಯದಲ್ಲಿ ನಾನು ವಿನೆಟ್, ವಿಂಕ್ಲರ್ ಪಕ್ಷ.

1978ರಲ್ಲಿ ಮೊದಲ ಸಂಪಾದಕ ವುಲ್ಫ್ ಅವರೇ ಈ ಪ್ರಶ್ನೆಗೆ ಮರಳಿದರು. ನಾವು ಆರಿಸಿಕೊಂಡ ಗುರಿ ಸಮಾಜಕ್ಕೆ ನಿಜವಾಗಿ ಬೇಕಾದದ್ದೇ, ಬಳಸಿದ ವಿಧಾನವನ್ನು ಅದಕ್ಕೆ ಒಳಗಾದವರು ಒಪ್ಪುತ್ತಾರೆಯೇ, ಬಂದ ಫಲದಿಂದ ಅವರಿಗೆ ತೃಪ್ತಿಯಿದೆಯೇ ಎಂದು ಜನರನ್ನೇ ಕೇಳಬೇಕು ಎಂದರು. ಇದನ್ನು ಸಾಮಾಜಿಕ ಸಮಂಜಸತೆ ಎನ್ನಬಹುದು. ವಸ್ತುನಿಷ್ಠ ಅಳತೆಯೇ ಸರ್ವಸ್ವ ಎನ್ನುತ್ತಿದ್ದ ಕ್ಷೇತ್ರದಲ್ಲಿ ಅಭಿಪ್ರಾಯ ಕೇಳುವುದಕ್ಕೂ ಜಾಗ ಮಾಡಿದ ಲೇಖನ ಅದು.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಅದೇ ಪತ್ರಿಕೆಯ ಪುಟಗಳಲ್ಲಿ ಸಾಕ್ಷಿ ಇದೆ. 1974ರಲ್ಲಿ ರೇಕರ್ಸ್ ಮತ್ತು ಲೊವಾಸ್ ಬರೆದ ಲೇಖನವೊಂದು, ಹುಡುಗಿಯರಂತೆ ಆಡುತ್ತಾನೆ ಎಂಬ ಕಾರಣಕ್ಕೆ ಒಬ್ಬ ಪುಟ್ಟ ಹುಡುಗನ ವರ್ತನೆಯನ್ನು ಬದಲಿಸಿದ್ದನ್ನು ವರದಿ ಮಾಡಿತು. ಅಳತೆ, ವಿನ್ಯಾಸ, ಗ್ರಾಫ್ ಎಲ್ಲ ಇದ್ದವು. ಬದಲಿಸಬೇಕೇ ಎಂಬ ಪ್ರಶ್ನೆಯಲ್ಲೇ ತಪ್ಪಿತ್ತು. 2020ರಲ್ಲಿ, 46 ವರ್ಷಗಳ ನಂತರ, ಆಗಿನ ಪ್ರಧಾನ ಸಂಪಾದಕಿ ಲಿಂಡಾ ಲೆಬ್ಲಾಂಕ್ ಆ ಲೇಖನದ ಬಗ್ಗೆ ಪತ್ರಿಕೆಯ ಕಳವಳವನ್ನು ದಾಖಲಿಸುವ ಟಿಪ್ಪಣಿ ಪ್ರಕಟಿಸಿದರು. ಲೇಖನ ಕಡತದಲ್ಲಿ ಉಳಿದಿದೆ, ಟಿಪ್ಪಣಿಯೂ ಅದರ ಜೊತೆಗಿದೆ. 46 ವರ್ಷ ತಡವೇ ಎಂದರೆ, ನನ್ನ ಪ್ರಕಾರ ಬಹಳ ತಡ.

ಪ್ರಕಟಣೆಗೆ ಮೊದಲು ಲೇಖನವನ್ನು ಸಮಾನ ತಜ್ಞರಿಗೆ ಕಳಿಸಿ ಅಭಿಪ್ರಾಯ ಪಡೆಯುವ ಪದ್ಧತಿ ಎಲ್ಲ ಸಂಶೋಧನಾ ಪತ್ರಿಕೆಗಳಲ್ಲೂ ಇರುವುದರಿಂದ ವಿವರಿಸಬೇಕಿಲ್ಲ. ಈ ಪತ್ರಿಕೆಯ ಒಂದು ತಮಾಷೆಯನ್ನು ಮಾತ್ರ ಬಿಡಲಾರೆ. ಅದೇ 1974ರಲ್ಲಿ ಡೆನಿಸ್ ಅಪ್ಪರ್ ಎಂಬ ಮನೋವಿಜ್ಞಾನಿ, ಬರೆಯಲಾಗದ ತಮ್ಮ ತೊಂದರೆಗೆ ತಾವೇ ಮಾಡಿಕೊಂಡ ವಿಫಲ ಚಿಕಿತ್ಸೆ ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಲೇಖನ ಪ್ರಕಟಿಸಿದರು. ಶೀರ್ಷಿಕೆಯ ಕೆಳಗೆ ಒಂದಕ್ಷರವೂ ಇಲ್ಲ, ಪುಟ ಖಾಲಿ. ಕೆಳಗೆ ಪರಿಶೀಲಕರ ಅಭಿಪ್ರಾಯ: ನಿಂಬೆರಸ, ಕ್ಷ-ಕಿರಣ ಎಲ್ಲ ಹಾಕಿ ನೋಡಿದರೂ ಒಂದು ದೋಷವೂ ಸಿಗಲಿಲ್ಲ, ತಿದ್ದುಪಡಿ ಇಲ್ಲದೆ ಪ್ರಕಟಿಸಬಹುದು, ಈ ವೈಫಲ್ಯವನ್ನು ಬೇರೆಯವರು ಪುನರಾವರ್ತಿಸಲು ಸಾಕಷ್ಟು ವಿವರವೂ ಇದೆ ಎಂಬರ್ಥದ ಮಾತು. 2007ರಲ್ಲಿ ಬೇರೆ ಬೇರೆ ದೇಶಗಳ ಐವರು ಸೇರಿ ಅದೇ ಪತ್ರಿಕೆಯಲ್ಲಿ ಅದನ್ನು ಪುನರಾವರ್ತಿಸಿಯೂ ಬಿಟ್ಟರು! ವರದಿ ಸಲ್ಲಿಸುವ ಹಿಂದಿನ ರಾತ್ರಿಯ ನಮ್ಮ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ಆಧಾರ ಸಿಗಲಾರದು.

ತಮಾಷೆ ಬದಿಗಿರಲಿ, ನಿಜವಾದ ವೈಫಲ್ಯಗಳು ಅಚ್ಚಾಗುವುದು ಅಷ್ಟು ಸುಲಭವಲ್ಲ. ಗೆರೆ ಚೆನ್ನಾಗಿ ಏರಿದ ಗ್ರಾಫನ್ನು ಪತ್ರಿಕೆಗೆ ಕಳಿಸುವ, ಏರದ ಗ್ರಾಫನ್ನು ಮೇಜಿನ ಡ್ರಾಯರಿನಲ್ಲಿಡುವ ಪ್ರವೃತ್ತಿ ಈ ಕ್ಷೇತ್ರದಲ್ಲೂ ಇದೆ. 2016ರಲ್ಲಿ ಶ್ಯಾಡಿಶ್ ಮತ್ತು ಸಂಗಡಿಗರು ಸಂಶೋಧಕರನ್ನೇ ಕೇಳಿ ನಡೆಸಿದ ಸಮೀಕ್ಷೆ ಇದನ್ನು ಇದೇ ಪತ್ರಿಕೆಯಲ್ಲಿ ತೋರಿಸಿತು. ನಮ್ಮಲ್ಲಿಯೂ 'ಸುಧಾರಣೆ ಕಂಡುಬರಲಿಲ್ಲ' ಎಂದು ಮುಗಿಯುವ ಕ್ರಿಯಾ ಸಂಶೋಧನಾ ವರದಿಯನ್ನು ನಾನು ಇನ್ನೂ ನೋಡಿಲ್ಲ. ಅಂಥ ವರದಿಗೂ ಪೂರ್ಣ ಅಂಕ ಸಿಗುತ್ತದೆ ಎಂದು ಮಾರ್ಗದರ್ಶಕರು ಮೊದಲೇ ಹೇಳಿಬಿಟ್ಟರೆ ನೋಡಬಹುದೇನೋ.

ಓದಲು ಬಯಸುವವರಿಗೆ ಒಂದು ಅನುಕೂಲವಿದೆ. ಈ ಎರಡೂ ಪತ್ರಿಕೆಗಳ ಹೊಸ ಸಂಚಿಕೆಗಳನ್ನು ಈಗ ವೈಲಿ ಪ್ರಕಾಶನ ಹೊರತರುತ್ತದೆ, ಅವಕ್ಕೆ ಸಾಮಾನ್ಯವಾಗಿ ಚಂದಾ ಬೇಕು. ಆದರೆ ಮೊದಲ ಸಂಚಿಕೆಯಿಂದ 2012ರವರೆಗಿನ ಹಳೆಯ ಲೇಖನಗಳು 'ಪಬ್‌ಮೆಡ್ ಸೆಂಟ್ರಲ್' ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಮೇಲೆ ಹೇಳಿದ ತರಗತಿ ಲೇಖನಗಳೆಲ್ಲ ಅಲ್ಲಿವೆ. ರಾಬಿಯ ಲೇಖನ 12 ಪುಟ, ಆಟದ್ದು 6 ಪುಟ. ಇಂಗ್ಲಿಷ್ ಕಷ್ಟವೆನಿಸಿದರೆ ಗ್ರಾಫ್‌ಗಳಿಂದ ಆರಂಭಿಸಬಹುದು.

ಬೋಧನಾಭ್ಯಾಸದ ಕೆಲವೇ ವಾರಗಳಲ್ಲಿ ಇದನ್ನು ಮಾಡಲು ಪ್ರತಿವರ್ತನ ವಿನ್ಯಾಸ ಎಲ್ಲ ಕಡೆಯೂ ಸರಿಹೋಗದು. ಸಮೀಕರಣ ಸರಿದೂಗಿಸುವುದನ್ನು ಕಲಿತ ಮಗುವಿನಿಂದ ಆ ಕಲಿಕೆಯನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಪಡೆಯಲೂಬಾರದು. ಅದಕ್ಕೆ ಬೇರ್ ಮತ್ತು ಸಂಗಡಿಗರ ಅದೇ ಲೇಖನದಲ್ಲಿ ಇನ್ನೊಂದು ದಾರಿ ಇದೆ, ಬಹು ಆಧಾರರೇಖೆ. ಮೂವರು ಮಕ್ಕಳನ್ನೋ ಮೂರು ಅವಧಿಗಳನ್ನೋ ಮೊದಲ ದಿನದಿಂದಲೇ ಅಳೆಯುತ್ತಾ ಹೋಗಿ, ಹೊಸ ವಿಧಾನವನ್ನು ಒಂದರಲ್ಲಿ ಮೊದಲು, ಕೆಲವು ದಿನ ಬಿಟ್ಟು ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ ಆರಂಭಿಸಬೇಕು. ಪ್ರತಿಯೊಂದರಲ್ಲೂ ಗೆರೆ ವಿಧಾನ ಆರಂಭವಾದ ದಿನವೇ ಏಳತೊಡಗಿದರೆ ಕಾರಣ ವಿಧಾನವೇ ಎನ್ನಲು ಬಲ ಬರುತ್ತದೆ. ಮೂರೂ ಒಂದೇ ದಿನ ಎದ್ದರೆ, ಆ ದಿನ ಶಾಲೆಯಲ್ಲಿ ಬೇರೇನೋ ನಡೆದಿದೆ. ಮುಂದಿನ ಬೋಧನಾಭ್ಯಾಸದಲ್ಲಿ ನಾವು ನಾಲ್ವರು, ಇಬ್ಬಿಬ್ಬರ ಜೋಡಿಯಾಗಿ, ಇದನ್ನು ಮಾಡಲು ಮಾರ್ಗದರ್ಶಕರ ಒಪ್ಪಿಗೆ ಕೇಳಿದ್ದೇವೆ. ಏನನ್ನು ಎಣಿಸಬೇಕು ಎಂಬುದಿನ್ನೂ ತೀರ್ಮಾನವಾಗಿಲ್ಲ. ಪ್ರಶ್ನೆ ಕೇಳಲು ಎತ್ತಿದ ಕೈಗಳನ್ನು ಎಣಿಸೋಣ ಎಂಬುದು ನನ್ನ ಸಲಹೆ.